ಕೊನೆ ಕೊಯ್ಯುವವರು ಯಾರು?

ಹಿರಿಯರೇ, ಸ್ನೇಹಿತರೇ,

ಜನಸಂಖ್ಯೆ ಎಂದೊಡನೆ ‘ಸ್ಫೋಟ’ ಎಂದು ಸೇರಿಸಿ ಬರೆಯುವುದನ್ನು ನಮಗೆ ಶಾಲೆಯಲ್ಲಿಯೇ ಕಲಿಸಿದ್ದರು. ಆ ವಿಷಯದ ಪ್ರಬಂಧಕ್ಕೆ ನನಗೊಂದು ಸ್ಟೀಲ್ ಲೋಟ ಬಹುಮಾನವಾಗಿ ಬಂದದ್ದೂ ಉಂಟು. ಈಗಿನ ಲೆಕ್ಕ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಬೇಕಾದರೆ ಇದು ಸುಮಾರು 2.1 ಇರಬೇಕು.

ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕಿಂತ ಹೆಚ್ಚು ಬೆಳೆದರೆ, ಉತ್ತರ ಕನ್ನಡದ್ದು ಬೆಳೆದದ್ದು ಶೇಕಡಾ 6ರಷ್ಟು. ಹುಟ್ಟಿದವರು ಕಡಿಮೆ, ಹುಟ್ಟಿದವರಲ್ಲಿ ಉಳಿದವರು ಇನ್ನೂ ಕಡಿಮೆ.

ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕೊಳೆರೋಗ ಬಾರದಂತೆ ಮಳೆ ಹೊಳವಾದ ನಾಲ್ಕು ದಿನಗಳಲ್ಲಿ ಮದ್ದು ಹೊಡೆದು ಮುಗಿಸಬೇಕು. ಮರದಿಂದ ಮರಕ್ಕೆ ದಾಟುತ್ತಾ ಮದ್ದು ಹೊಡೆದು, ಕೊನೆ ಅಂದರೆ ಅಡಿಕೆ ಗೊನೆ ಕೊಯ್ಯುತ್ತಿದ್ದ ಕೊನೆಗೌಡನಿಗೆ ವಯಸ್ಸಾಗಿದೆ, ಅವನ ಮಗ ಮರ ಹತ್ತುವುದಿಲ್ಲ, ಹತ್ತಬೇಕೆಂದು ಕೇಳುವ ಹಕ್ಕು ನಮಗೂ ಇಲ್ಲ. ನೆಲದಲ್ಲೇ ನಿಂತು ಕೆಲಸ ಮಾಡಬಹುದಾದ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದು ಉಪಕಾರವಾಯಿತು, ನಿಜ. ಆದರೆ ದಿನವಿಡೀ ಕತ್ತು ಮೇಲೆತ್ತಿ ಅದನ್ನು ಹಿಡಿಯಲು ಎಪ್ಪತ್ತು ದಾಟಿದ ಯಜಮಾನರ ಮೈ ಒಪ್ಪಬೇಕಲ್ಲ! ಕರಾವಳಿಯ ದೋಣಿಗಳಲ್ಲಿ ಹೊರರಾಜ್ಯದವರು ದುಡಿಯುತ್ತಿದ್ದಾರೆ. ಈ ವ್ಯವಸ್ಥೆಯೂ ಶಾಶ್ವತವಲ್ಲ: ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಬ್ಬ ಮಹಿಳೆಗಿರುವ ಮಕ್ಕಳ ಸರಾಸರಿ ಬಿಹಾರದಲ್ಲಿ 3.0 ಇದ್ದರೂ ಒಡಿಶಾದ್ದು ಆಗಲೇ 1.8ಕ್ಕೆ ಇಳಿದಿದೆ.

ಓದಿದ ಹುಡುಗಿಯರು ಕೃಷಿಕರನ್ನು ಮದುವೆಯಾಗಲು ಒಪ್ಪುವುದಿಲ್ಲ, ಊರು ಹಾಳಾದದ್ದೇ ಅದರಿಂದ ಎಂಬ ಮಾತು ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಲೇ ಇರುತ್ತದೆ. ನಾನು ಒಪ್ಪುವುದಿಲ್ಲ. ಕೊಟ್ಟಿಗೆ, ಅಡುಗೆ, ಅಡಿಕೆ ಸುಲಿಯುವುದು, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇಷ್ಟನ್ನೂ ಅಮ್ಮ ಒಬ್ಬಳೇ ಸಂಬಳವಿಲ್ಲದೆ ಮಾಡಿದ್ದನ್ನು ನೋಡಿ ಬೆಳೆದ ಹುಡುಗಿ ಬೇರೆ ಬದುಕು ಬಯಸಿದರೆ ಅದು ಅವಳ ತಪ್ಪಲ್ಲ.

ಇನ್ನು ಹಣದ ಮಾತು. ತೋಟ, ದೋಣಿ, ಕೂಲಿಯಲ್ಲಿ ಸವೆದವರಿಗೆ ನಿವೃತ್ತಿ ವೇತನವಿಲ್ಲ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ತಂದೆ-ತಾಯಿಯರನ್ನು ಸಾಕುವುದು ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಬೆಂಗಳೂರಿನ ಮಗನಿಂದ ದುಡ್ಡು ಕೊಡಿಸಬಲ್ಲ ಕಾಯ್ದೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಿಸಲು ಬರುವುದಿಲ್ಲ. ಜಪಾನ್ 2000ನೇ ಇಸವಿಯಲ್ಲೇ ಆರೈಕೆ ವಿಮೆಯನ್ನು ಜಾರಿಗೆ ತಂದಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಅಗತ್ಯವಿದ್ದ ಮುದುಕರ ಮನೆಗೆ ಆರೈಕೆಯವರು ಬರುತ್ತಾರೆ. ಅಷ್ಟು ಸಿರಿವಂತಿಕೆ ನಮಗಿಲ್ಲವೆನ್ನುವುದು ಸರಿಯಾದರೂ, ಅಲ್ಲಿನವರು ಆರೈಕೆಯನ್ನು ಸಂಬಳದ ಕೆಲಸವೆಂದು ಎಣಿಸಿದ್ದನ್ನಾದರೂ ನಾವು ಕಲಿಯಬಹುದು.

ನಮ್ಮೂರಿನ ಆಟೋ ಚಾಲಕರೊಬ್ಬರು ಪ್ರತಿ ತಿಂಗಳು ಆರು ಮನೆಗಳ ಮಾತ್ರೆ ಚೀಟಿಗಳನ್ನು ಹಿಡಿದು ಪೇಟೆಗೆ ಹೋಗುತ್ತಾರೆ. ಮಾತ್ರೆ ಕೊಡಲು ಮನೆಗೆ ಬಂದವರು ಹಾಗೇ ಬಲ್ಬು ಬದಲಿಸಿ, ಗ್ಯಾಸ್ ಸಿಲಿಂಡರ್ ಜೋಡಿಸಿ, ಅಮೆರಿಕದ ಮೊಮ್ಮಗನಿಗೆ ವಿಡಿಯೋ ಕರೆ ಹಚ್ಚಿಕೊಟ್ಟು ಹೊರಡುತ್ತಾರೆ. ಇಂಥ ಕೆಲಸವನ್ನು ಒಬ್ಬರ ಒಳ್ಳೆಯತನಕ್ಕೆ ಬಿಟ್ಟು ಕೂರದೆ, ಆಶಾ ಕಾರ್ಯಕರ್ತೆಯರ ತಲೆಗೂ ಕಟ್ಟದೆ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ತರಬೇತಿ ಮತ್ತು ಸಂಬಳ ಇರುವ ಎರಡು ಹುದ್ದೆಗಳನ್ನಾಗಿ ಮಾಡಬೇಕೆಂಬುದು ನನ್ನ ಬೇಡಿಕೆ.