ಫ್ಯೂಸ್ ಬದಲಿಸಿದರೆ ರಿಪೇರಿ ಆಯಿತೇ?

ನಮಸ್ಕಾರ. ಇವತ್ತು ಸ್ಪೀಕರ್ ವೈರಿಂಗ್ ಬಗ್ಗೆ ಮಾತನಾಡಬೇಕೆಂದಿದ್ದೆ. ಅದಕ್ಕೆ ಕಲ್ಲು ಹಾಕಿದ್ದು ಒಂದು ಕಾಮೆಂಟ್. “ಸರ್, ನನ್ನ ಹಳೆಯ ಕಾರ್ ಆಂಪ್ಲಿಫೈಯರ್ 30 ಆಂಪಿಯರ್ ಫ್ಯೂಸನ್ನು ಸುಡುತ್ತಲೇ ಇತ್ತು. 60ರದ್ದು ಹಾಕಿದೆ, ಈಗ ಸುಡುತ್ತಿಲ್ಲ. ಸ್ವಲ್ಪ ಹೊಗೆ ಬಂತು, ಅಷ್ಟೆ.”

ಅಷ್ಟೆ! ಇದಕ್ಕೆ ನಲವತ್ತು ಜನ ಲೈಕ್ ಬೇರೆ ಒತ್ತಿದ್ದಾರೆ. ನನ್ನ ವೀಡಿಯೊಗೆ ಅಷ್ಟು ಬಂದಿಲ್ಲ, ಅದಿರಲಿ.

ಸ್ವಾಮಿ, ಫ್ಯೂಸ್ ಕಾಯಿಲೆಯಲ್ಲ, ಕಾಯಿಲೆಯ ಸುದ್ದಿ ತಂದವನು. ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಜೋರಾಗಿ ಹಾಡಲು ಅದು ಸಾಲದು. ಅದಕ್ಕೇ ಆಂಪ್ಲಿಫೈಯರ್ ಒಳಗಿನ ಮಾಸ್‌ಫೆಟ್‌ಗಳು, ಅಂದರೆ ಸ್ವಿಚ್ಚಿನಂತೆ ದುಡಿಯುವ ಪುಟ್ಟ ಟ್ರಾನ್ಸಿಸ್ಟರ್‌ಗಳು, ಆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ, ಬಳೆಯಾಕಾರದ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು ವೋಲ್ಟೇಜ್ ಏರಿಸುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಬ್ಯಾಟರಿಯ ಪ್ಲಸ್ಸು ನೇರವಾಗಿ ಮೈನಸ್ಸಿಗೆ. ಆಗ ಫ್ಯೂಸ್ ತಾನು ಸತ್ತು ಬೋರ್ಡನ್ನು ಉಳಿಸುತ್ತದೆ. ನೀವು ದಪ್ಪ ಫ್ಯೂಸ್ ಹಾಕಿದರೆ ಬೋರ್ಡಿನ ತಾಮ್ರದ ಪಟ್ಟಿಯೇ ಫ್ಯೂಸ್ ಆಗುತ್ತದೆ.

ನನ್ನದೇ ಆಂಪ್ಲಿಫೈಯರ್ ಬಿಚ್ಚಿದಾಗ ಕಂಡದ್ದು ಹೇಳುತ್ತೇನೆ. ಸಾಲಾಗಿ ನಾಲ್ಕು ಮಾಸ್‌ಫೆಟ್, ಒಂದರ ಎದೆಯಲ್ಲಿ ಸಾಸಿವೆಯಷ್ಟು ತೂತು. ಮೀಟರ್ ಹಚ್ಚಿದರೆ ನಾಲ್ಕರಲ್ಲೂ ‘ಬೀಪ್’, ಅಂದರೆ ಶಾರ್ಟ್. ಟ್ರಾನ್ಸ್‌ಫಾರ್ಮರ್ ಸುರುಳಿಯ ಮೂಲಕ ಎಲ್ಲವೂ ಒಂದಕ್ಕೊಂದು ಸೇರಿರುವುದರಿಂದ ಒಂದು ಸತ್ತರೆ ಎಲ್ಲವೂ ಸತ್ತಂತೆ ಕಾಣುತ್ತವೆ. ಬಿಚ್ಚಿ ಅಳೆದರೆ ಸತ್ತದ್ದು ಎರಡೇ. ಆದರೂ ನಾಲ್ಕನ್ನೂ, ಅವುಗಳ ಗೇಟಿನ (ಆನ್-ಆಫ್ ಮಾಡುವ ಕಾಲಿನ) ರೆಸಿಸ್ಟರ್‌ಗಳ ಸಮೇತ ಬದಲಿಸಿದೆ. ಬದುಕುಳಿದವೂ ಒದೆ ತಿಂದವೇ ತಾನೇ?

ಆಮೇಲೆ ನೇರವಾಗಿ ಬ್ಯಾಟರಿಗೆ ಕೊಡಲಿಲ್ಲ. 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಪ್ಲಸ್ ತಂತಿಯ ನಡುವೆ ಸೇರಿಸಿ ಆನ್ ಮಾಡಿದೆ. ಶಾರ್ಟ್ ಉಳಿದಿದ್ದರೆ ಬಲ್ಬ್ ತಾನು ಉರಿದು ಕರೆಂಟಿಗೆ ಕಡಿವಾಣ ಹಾಕುತ್ತದೆ. ಬಲ್ಬ್ ಝಗ್ಗನೆ ಉರಿಯಿತು! ಒಂದು ಮಾಸ್‌ಫೆಟ್‌ನ ಬೆನ್ನಿಗೆ ಕರೆಂಟ್ ದಾಟದಂತೆ ತಡೆಯುವ ಮೈಕಾ ಹಾಳೆ ಹಾಕಲು ಮರೆತಿದ್ದೆ. ಲೋಹದ ಬೆನ್ನು ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ತಾಗಿ ಮತ್ತೆ ಶಾರ್ಟ್. ಬಲ್ಬ್ ಮಧ್ಯದಲ್ಲಿದ್ದುದರಿಂದ ಏನೂ ಸುಡಲಿಲ್ಲ, ನನ್ನ ಮಾನ ಮಾತ್ರ ಸ್ವಲ್ಪ. ಆ ವೀಡಿಯೊ ಚಾನೆಲ್‌ನಲ್ಲಿದೆ, ನೋಡಿ ನಗಿ, ಆದರೆ ಸಬ್‌ಸ್ಕ್ರೈಬ್ ಮಾಡಿಯೇ ನಗಿ.

“ಇಷ್ಟೆಲ್ಲ ಯಾಕೆ, ಹೊಸದು ಕೊಳ್ಳಿ” ಎನ್ನುವವರೂ ಇದ್ದಾರೆ. ಕೊಳ್ಳಿ, ಪುಣ್ಯಾತ್ಮರೇ. ಅದಕ್ಕೂ 60ರ ಫ್ಯೂಸ್ ಹಾಕಿ, ಆರು ತಿಂಗಳಿಗೆ ಇನ್ನೊಂದು ಕೊಳ್ಳಿ. “ನಮ್ಮ ಬಳಿ ಮೀಟರ್ ಇಲ್ಲ” ಎನ್ನುವವರಿಗೆ: ಹಾಗಾದರೆ ಬೆಸುಗೆ ಕಡ್ಡಿ ಯಾಕೆ ಹಿಡಿದಿದ್ದೀರಿ? ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ. ಫ್ಯೂಸ್ ಸುಟ್ಟರೆ ಅದನ್ನು ಬೈಯಬೇಡಿ. ಕೈಮುಗಿಯಿರಿ. ಅದರ ಮೇಲೆ ಬರೆದ ಸಂಖ್ಯೆಯನ್ನು ಓದಿ, ಅದೇ ಸಂಖ್ಯೆಯದ್ದನ್ನೇ ಹಾಕಿ. ಅದೇ ಸಂಖ್ಯೆ! ಮೂವತ್ತು ಎಂದರೆ ಮೂವತ್ತು! ಕಾರಣ ಬೇಕೇ? ಬೇಡ. ಹೇಳಿದ್ದೇನಲ್ಲ, ಸಾಕು!

ಒಂದು ನಿಮಿಷ, ಅದೇ ಮಹಾಶಯರು ಮತ್ತೆ ಬರೆದಿದ್ದಾರೆ. “ಸರ್, ಈಗ ತಂತಿ ಬಿಸಿಯಾಗುತ್ತಿದೆ. ದಪ್ಪ ತಂತಿ ಹಾಕಲೇ?”