ರಾಣಿ ತೊಟ್ಟ ಮಸ್ಲಿನ್

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಈ ಚಿತ್ರವನ್ನು ಮೊದಲು ಸುಮ್ನೆ ನೋಡಿ. ಯಾರು, ಯಾವ ಕಾಲ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಬ್ಬ ಹೆಂಗಸು. ತಲೆಯ ಮೇಲೆ ಅಗಲವಾದ ಹುಲ್ಲಿನ ಟೋಪಿ, ಅದಕ್ಕೆ ನೀಲಿ ರಿಬ್ಬನ್, ಗರಿ. ಮೈಮೇಲೆ ಸಡಿಲವಾದ ಬಿಳಿ ಉಡುಪು. ಕತ್ತಿನ ಸುತ್ತ ಅದೇ ಬಟ್ಟೆಯ ನಿರಿಗೆ. ನಡುವಿಗೆ ಹೊಂಬಣ್ಣದ ತೆಳು ಪಟ್ಟಿ. ಕೈಯಲ್ಲಿ ಗುಲಾಬಿ. ಒಡವೆ ಅಂತ ಒಂದೂ ಇಲ್ಲ.

ಇದು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್. ಬರೆದವರು ಎಲಿಸಬೆತ್ ವಿಜೆ ಲೆ ಬ್ರನ್. ವರ್ಷ 1783. ರಾಣಿ, ಕಲಾವಿದೆ ಇಬ್ಬರೂ ಹುಟ್ಟಿದ್ದು 1755ರಲ್ಲಿ. ಒಬ್ಬಳು ವಿಯೆನ್ನಾದ ಅರಮನೆಯಲ್ಲಿ, ಇನ್ನೊಬ್ಬಳು ಪ್ಯಾರಿಸ್‌ನಲ್ಲಿ, ಭಾವಚಿತ್ರ ಬರೆದು ಬದುಕುತ್ತಿದ್ದ ಅಪ್ಪನ ಮನೆಯಲ್ಲಿ.

ಆ ವರ್ಷದ ಮೇ ತಿಂಗಳಲ್ಲಿ ಎಲಿಸಬೆತ್‌ಗೆ ರಾಜರ ಕಲಾ ಅಕಾಡೆಮಿಯ ಸದಸ್ಯತ್ವ ಸಿಕ್ಕಿತ್ತು. ಅಲ್ಲಿ ಹೆಂಗಸರಿಗೆ ಇದ್ದದ್ದು ನಾಲ್ಕೇ ಜಾಗ. ಸಾಲದ್ದಕ್ಕೆ ಗಂಡ ಚಿತ್ರಗಳ ವ್ಯಾಪಾರಿ, ವ್ಯಾಪಾರದ ನಂಟಿರುವವರನ್ನು ಅಕಾಡೆಮಿ ಸೇರಿಸಿಕೊಳ್ಳುತ್ತಿರಲಿಲ್ಲ. ರಾಣಿ ಮಾತಾಡಿ, ರಾಜನ ಅಪ್ಪಣೆ ಬಂದ ಮೇಲೇ ಬಾಗಿಲು ತೆರೆದದ್ದು. ಸದಸ್ಯರಿಗೆ ಮಾತ್ರ ಲೂವ್ರ್ ಅರಮನೆಯ ಸಲೋನ್ ಪ್ರದರ್ಶನದಲ್ಲಿ ಚಿತ್ರ ತೂಗುಹಾಕುವ ಹಕ್ಕು. ಹಾಗಾಗಿ ಎಲಿಸಬೆತ್‌ಗೆ ಅದು ಮೊದಲ ಸಲೋನ್. ಅಲ್ಲೇ ಈ ಚಿತ್ರವೂ ಇತ್ತು.

ಸಲೋನ್‌ಗೆ ಟಿಕೆಟ್ ಇರಲಿಲ್ಲ. ಶ್ರೀಮಂತರು, ಅಂಗಡಿಯವರು, ಕೆಲಸದವರು, ಎಲ್ಲರೂ ಬರುತ್ತಿದ್ದರು. ಜನ ಚಿತ್ರ ನೋಡಿದರು, ಗುಲ್ಲೆದ್ದಿತು. ರಾಣಿ ಒಳ ಅಂಗಿಯಲ್ಲೇ ಬಂದು ನಿಂತಿದ್ದಾಳೆ ಅಂದರು. ಅವರ ಕಣ್ಣಿಗೆ ಅದು ಹಾಗೇ ಕಂಡದ್ದು ಸಹಜ. ಆಗ ಹೆಂಗಸರು ಎಲ್ಲ ಉಡುಪಿನ ಕೆಳಗೆ, ಮೈಗೆ ತಾಗುವಂತೆ ತೊಡುತ್ತಿದ್ದದ್ದು ಇಂಥದ್ದೇ ಸಡಿಲ ಬಿಳಿ ಅಂಗಿ. ಆಸ್ಥಾನದ ಉಡುಪೇ ಬೇರೆ. ತಿಮಿಂಗಿಲದ ಬಾಯಿಯಿಂದ ತೆಗೆದ ಕಡ್ಡಿಗಳನ್ನು ಹೊಲಿದ ಬಿಗಿ ಕುಪ್ಪಸ, ಸೊಂಟದ ಎರಡೂ ಕಡೆ ಬುಟ್ಟಿಯಂತೆ ಉಬ್ಬಿದ ಲಂಗ, ಅದರ ಮೇಲೆ ಭಾರದ ರೇಷ್ಮೆ, ಜರಿ, ಕಸೂತಿ. ಅದನ್ನೆಲ್ಲ ಬಿಟ್ಟು ಹೀಗೆ ಕಾಣಿಸಿಕೊಳ್ಳುವುದೆಂದರೆ, ಧಾರೆಯ ಹೊತ್ತಿಗೆ ಮದುಮಗಳು ಮನೆಯಲ್ಲಿ ಉಡುವ ಸೀರೆಯಲ್ಲೇ ಮಂಟಪಕ್ಕೆ ಬಂದ ಹಾಗೆ.

ಪ್ರದರ್ಶನ ಇನ್ನೂ ನಡೆಯುತ್ತಿದ್ದಾಗಲೇ ಚಿತ್ರವನ್ನು ಇಳಿಸಬೇಕಾಯಿತು. ಎಲಿಸಬೆತ್ ಅವಸರದಲ್ಲಿ ಇನ್ನೊಂದನ್ನು ಬರೆದರು. ಈಗ ಎರಡನ್ನೂ ಪಕ್ಕಪಕ್ಕದಲ್ಲಿ ಹಾಕುತ್ತೇನೆ, ನೋಡಿ. ಅದೇ ಮುಖ, ಅದೇ ಭಂಗಿ, ಕೈಯಲ್ಲಿ ಅದೇ ಗುಲಾಬಿ. ಬದಲಾದದ್ದು ಮುಖ್ಯವಾಗಿ ಬಟ್ಟೆ. ನೀಲಿ ಬೂದು ಬಣ್ಣದ ರೇಷ್ಮೆ, ಲೇಸು, ಮುತ್ತು ಬಂದಿವೆ. ಇದು ಈಗ ಫ್ರೆಂಚ್ ರಾಜರ ವರ್ಸೈಲ್ಸ್ ಅರಮನೆಯಲ್ಲಿದೆ. ಮೊದಲನೆಯದು ಜರ್ಮನಿಯ ಹೆಸ್ಸೆ ರಾಜಮನೆತನದ ಪ್ರತಿಷ್ಠಾನದ ಬಳಿ ಇದೆ.

ಎರಡನೆಯದರಲ್ಲಿ ಕೈಚಳಕ ಕಮ್ಮಿ ಏನಿಲ್ಲ. ಆ ರೇಷ್ಮೆಯ ಹೊಳಪು ನಿಜಕ್ಕೂ ಚೆಂದ. ಆದರೆ ನನಗೆ ಮೊದಲನೆಯದೇ ಜಾಸ್ತಿ ಇಷ್ಟ. ರೇಷ್ಮೆಯ ಚಿತ್ರದಲ್ಲಿ ಕಣ್ಣು ಲೇಸಿಗೆ ಹೋಗುತ್ತದೆ, ಮುತ್ತಿಗೆ ಹೋಗುತ್ತದೆ, ಮುಖಕ್ಕೆ ಬರುವುದು ಆಮೇಲೆ. ಇಲ್ಲಿ ಮುಖದಿಂದಲೇ ಶುರು. ತೋಳಿನ ಹತ್ತಿರ ಬಟ್ಟೆಯನ್ನು ಹೇಗೆ ಬರೆದಿದ್ದಾರೆ ಗಮನಿಸಿ. ಬಿಳಿಯ ಮೇಲೆ ಬಿಳಿ. ಮಡಿಕೆಯ ಒಳಗೆ ತುಸು ಬೂದು, ಉಬ್ಬಿನ ಮೇಲೆ ಬೆಳಕು. ಬಟ್ಟೆಯ ತೆಳುವು ಬೆರಳಿಗೇ ತಾಗುವಂತಿದೆ, ಅಲ್ವಾ?

ಈ ಬಟ್ಟೆ ಹತ್ತಿಯ ಮಸ್ಲಿನ್. ಇಂಥ ನಯವಾದ ಮಸ್ಲಿನ್‌ಗೆ ಆಗ ಹೆಸರಾಗಿದ್ದದ್ದು ನಮ್ಮ ಕಡೆ, ಅದರಲ್ಲೂ ಬಂಗಾಳ. ಭಾರತದ ಹತ್ತಿ ಬಟ್ಟೆ ಎಂದರೆ ಫ್ರಾನ್ಸಿಗೆ ಹಳೆಯ ತಲೆನೋವು. ತಮ್ಮ ನೇಕಾರರನ್ನು ಕಾಪಾಡಬೇಕೆಂದು 1686ರಿಂದ 1759ರವರೆಗೆ ಬಣ್ಣದ ಅಚ್ಚಿನ ಹತ್ತಿ ಬಟ್ಟೆಯನ್ನೇ ಅಲ್ಲಿ ನಿಷೇಧಿಸಿದ್ದರು. ಆದರೂ ಜನ ಕಳ್ಳಸಾಗಣೆಯಲ್ಲಿ ತರಿಸಿಕೊಂಡು ತೊಟ್ಟರು. 1783ರ ಹೊತ್ತಿಗೆ ನಿಷೇಧ ಹೋಗಿತ್ತು, ಭಯ ಹೋಗಿರಲಿಲ್ಲ. ಲಿಯಾನ್ ಊರಿನ ಬದುಕು ನಿಂತಿದ್ದೇ ರೇಷ್ಮೆ ಮಗ್ಗದ ಮೇಲೆ. ರಾಣಿ ರೇಷ್ಮೆ ಬಿಟ್ಟರೆ ಆಸ್ಥಾನ ಬಿಡುತ್ತದೆ, ಆಸ್ಥಾನ ಬಿಟ್ಟರೆ ಊರೇ ಬಿಡುತ್ತದೆ. ಅದರ ಮೇಲೆ ಬಂಗಾಳದಲ್ಲಿ ಫ್ರೆಂಚರ ಕೈಯಲ್ಲಿದ್ದ ಚಂದ್ರನಗರವನ್ನು 1778ರಲ್ಲಿ ಇಂಗ್ಲಿಷರು ಹಿಡಿದಿದ್ದರು. ಹಾಗಾಗಿ ಮಸ್ಲಿನ್ ಶತ್ರುವಿನ ಸರಕಿನಂತೆಯೂ ಕಂಡಿತು. ಮೊದಲೇ ಈಕೆ ಆಸ್ಟ್ರಿಯಾದಿಂದ ಬಂದ ಹೆಣ್ಣು, ಫ್ರಾನ್ಸಿನ ಮೇಲೆ ಪ್ರೀತಿ ಇಲ್ಲ ಎಂಬ ಗುಮಾನಿ ಬೇರೆ.

ಜನರ ಸಿಟ್ಟನ್ನೆಲ್ಲ ಬರೀ ಮಡಿವಂತಿಕೆ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗ್ಗದ ಮುಂದೆ ಕೂತವನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಆದರೆ ಕಲಾವಿದೆಯದೂ ತಪ್ಪಿಲ್ಲ. ತನ್ನ ಪುಟ್ಟ ಅರಮನೆಯಾದ ಟ್ರಿಯಾನೊನ್‌ನಲ್ಲಿ ರಾಣಿ ಹೀಗೇ ಇರುತ್ತಿದ್ದಳು. ಅಲ್ಲೇ ಯಾವುದಾದರೂ ಕೋಣೆಯಲ್ಲಿ ತೂಗುಹಾಕಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಬೈದವರ ಮನೆಯ ಹೆಂಗಸರೂ ಕೆಲವೇ ವರ್ಷಗಳಲ್ಲಿ ಇದೇ ಉಡುಪು ಹೊಲಿಸಿಕೊಂಡರು. ಫ್ಯಾಷನ್ ಇಂಗ್ಲೆಂಡಿಗೂ ಹೋಯಿತು. ರಾಣಿಗೆ ಮಾತ್ರ ಅದು ಒಳ್ಳೆಯದು ಮಾಡಲಿಲ್ಲ. 1784ರ ಆಗಸ್ಟ್‌ನಲ್ಲಿ, ವರ್ಸೈಲ್ಸ್ ತೋಟದ ಕತ್ತಲಲ್ಲಿ, ವಂಚಕರ ಗುಂಪೊಂದು ನಿಕೋಲ್ ಎಂಬ ಹೆಣ್ಣಿಗೆ ಇಂಥದ್ದೇ ಬಿಳಿ ಮಸ್ಲಿನ್ ತೊಡಿಸಿ, ಕೈಗೆ ಗುಲಾಬಿ ಕೊಟ್ಟು, ಚರ್ಚಿನ ದೊಡ್ಡ ಗುರುಗಳಲ್ಲೊಬ್ಬನಾದ ಕಾರ್ಡಿನಲ್ ರೊಹಾನ್ ಎದುರು ನಿಲ್ಲಿಸಿತು. ಆತ ಆಕೆಯನ್ನೇ ರಾಣಿ ಎಂದು ನಂಬಿದ. ಆಮೇಲೆ ರಾಣಿಗೆಂದು ಹೇಳಿ ಆತನ ಮೂಲಕ ಭಾರಿ ಬೆಲೆಯ ವಜ್ರದ ಹಾರವೊಂದನ್ನು ಕೊಳ್ಳಿಸಿ ಲಪಟಾಯಿಸಿದರು. ವಜ್ರದ ಹಾರದ ಹಗರಣ ಬೆಳೆದದ್ದು ಹೀಗೆ. ಹಾರಕ್ಕೂ ರಾಣಿಗೂ ಸಂಬಂಧವೇ ಇರಲಿಲ್ಲ. ಆದರೂ ಹೋದ ಹೆಸರು ಮತ್ತೆ ಬರಲಿಲ್ಲ.

ಇನ್ನೊಂದು ಚಿತ್ರ ತೋರಿಸದೆ ನಾನು ಮುಗಿಸಲಾರೆ. ಮೈಸೂರಿನವರಂತೂ ಇದನ್ನು ನೋಡಲೇಬೇಕು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಕೇಳಲು ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಕಳಿಸಿದ್ದ. 1788ರ ಆಗಸ್ಟ್‌ನಲ್ಲಿ ಅವರು ವರ್ಸೈಲ್ಸ್‌ನಲ್ಲಿ ರಾಜನನ್ನು ಕಂಡರು. ಅವರನ್ನು ಒಪೆರಾದಲ್ಲಿ ನೋಡಿದ ಎಲಿಸಬೆತ್‌ಗೆ ಚಿತ್ರ ಬರೆಯಲೇಬೇಕು ಅನ್ನಿಸಿತು. ರಾಜ ಹೇಳಿದರೆ ಮಾತ್ರ ಕೂರುತ್ತೇವೆ ಅಂದರು ಅವರು. ರಾಜನಿಂದ ಹೇಳಿಸಿದ್ದೂ ಆಯಿತು.

ಇವರು ಮೊಹಮ್ಮದ್ ದರ್ವೇಶ್ ಖಾನ್. ಚಿತ್ರದ ಎತ್ತರ ಎರಡು ಮೀಟರ್‌ಗೂ ಜಾಸ್ತಿ. ಗಡ್ಡ, ರುಮಾಲು, ಹಿಡಿದು ನಿಂತ ಕತ್ತಿ. ಮೈಮೇಲೆ ಹೂವಿನ ಕೆಲಸದ ಬಿಳಿ ಮಸ್ಲಿನ್. ಐದು ವರ್ಷದ ಹಿಂದೆ ರಾಣಿಗೆ ಮರ್ಯಾದೆ ಕಳೆದ ಬಟ್ಟೆ ಇಲ್ಲಿ ಪೂರ್ತಿ ರಾಜಗಾಂಭೀರ್ಯದಲ್ಲಿದೆ. ಕಲಾವಿದೆ ಅವರೇ, ಬಿಳಿಯ ಮೇಲೆ ಅದೇ ಹಿಡಿತ. ಮುಗಿದ ಚಿತ್ರವನ್ನು ಖಾನ್ ಹಾಸಿಗೆಯ ಹಿಂದೆ ಬಚ್ಚಿಟ್ಟುಕೊಂಡರಂತೆ, ಅವರ ಆಳಿನ ಕೈಯಿಂದ ಅದನ್ನು ಹೊರಗೆ ತರಿಸಬೇಕಾಯಿತು ಎಂದು ಎಲಿಸಬೆತ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 1789ರ ಸಲೋನ್‌ನಲ್ಲಿ, ಫ್ರೆಂಚ್ ಕ್ರಾಂತಿ ಶುರುವಾಗಿ ಬಾಸ್ಟಿಲ್ ಸೆರೆಮನೆ ಜನರ ಕೈಗೆ ಬಿದ್ದ ಕೆಲವೇ ವಾರಗಳ ನಂತರ, ಇದನ್ನು ಜನ ನೋಡಿದರು. ಈ ಸಲ ಯಾರೂ ಇಳಿಸಿ ಅನ್ನಲಿಲ್ಲ. 2019ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಇದು 72 ಲಕ್ಷ ಡಾಲರ್‌ಗೆ ಹೋಯಿತು.

ಈಗ ಮೂರೂ ಚಿತ್ರಗಳನ್ನು ಪರದೆಯ ಮೇಲೆ ಒಟ್ಟಿಗೆ ಬಿಡುತ್ತೇನೆ. ಹತ್ತಿರ ಬಂದು ನೋಡಿ, ಪ್ರಶ್ನೆ ಇದ್ದರೆ ಕೇಳಿ.