ಹುಡುಕದೆ ಸಿಕ್ಕ ಬಳ್ಳಿ

ಎಲ್ಲರಿಗೂ ನಮಸ್ಕಾರ.

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು ಅಂತೀವಿ. ಬುದ್ಧನ ದಾರಿಗೆ ಬಂದವರ ಕತೆಗಳನ್ನು ಓದಿದಾಗ ನನಗೆ ಬೇರೆಯೇ ಅನಿಸುತ್ತದೆ. ಇವರಲ್ಲಿ ಎಷ್ಟೋ ಜನ ಬಳ್ಳಿ ಹುಡುಕುತ್ತಲೇ ಇರಲಿಲ್ಲ. ಇನ್ಯಾವುದೋ ಕೆಲಸಕ್ಕೆ ಹೊರಟಿದ್ದರು, ಎಡವಿದರು.

ಶ್ರಾವಸ್ತಿಯ ವ್ಯಾಪಾರಿ ಅನಾಥಪಿಂಡಿಕನನ್ನೇ ನೋಡಿ. ಕೆಲಸದ ಮೇಲೆ ರಾಜಗೃಹಕ್ಕೆ ಬಂದು ಭಾವಮೈದುನನ ಮನೆಗೆ ಹೋದ. ಅಲ್ಲಿ ಮಾತಾಡಿಸುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ, ಮನೆ ತುಂಬ ಅಡುಗೆಯ ಗಡಿಬಿಡಿ. ಮದುವೆಯಾ, ರಾಜ ಬರ್ತಾನಾ ಅಂತ ಕೇಳಿದ. ನಾಳೆ ಬುದ್ಧ ಊಟಕ್ಕೆ ಬರುತ್ತಾನೆ ಅಂದರು. ಆ ಒಂದು ಹೆಸರು ಸಾಕಾಯಿತು. ಬೆಳಗಾಯಿತು ಅಂದುಕೊಂಡು ರಾತ್ರಿ ಮೂರು ಸಲ ಎದ್ದನಂತೆ!

ಪುಕ್ಕುಸಾತಿಯ ಕತೆ ಇದಕ್ಕೆ ತಿರುಗುಮುರುಗು. ಅದು ನನಗೆ ಜಾಸ್ತಿ ಇಷ್ಟ. ಅವನು ಬುದ್ಧನ ಹೆಸರಿನಲ್ಲೇ ಮನೆ ಬಿಟ್ಟವನು, ಆದರೆ ಬುದ್ಧನನ್ನು ಕಂಡವನಲ್ಲ. ಒಂದು ರಾತ್ರಿ ರಾಜಗೃಹದಲ್ಲಿ ಕುಂಬಾರನೊಬ್ಬನ ಕೊಟ್ಟಿಗೆಯಲ್ಲಿ ಉಳಿದುಕೊಂಡಿದ್ದ. ಇನ್ನೊಬ್ಬ ಭಿಕ್ಷು ಬಂದು, ನಾನೂ ಇಲ್ಲೇ ಇರಲಾ ಅಂದ. ಜಾಗ ಬೇಕಾದಷ್ಟಿದೆ, ಇರು ಗೆಳೆಯಾ ಅಂದ ಪುಕ್ಕುಸಾತಿ. ಇಬ್ಬರೂ ರಾತ್ರಿ ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಬಂದವನು ಕೇಳಿದ: ನಿನ್ನ ಗುರು ಯಾರು? ಗೌತಮ ಬುದ್ಧ. ನೋಡಿದ್ದೀಯಾ? ಇಲ್ಲ. ನೋಡಿದರೆ ಗುರುತು ಸಿಗುತ್ತಾ? ಇಲ್ಲ.

ಎದುರಿಗೆ ಕೂತಿದ್ದವನೇ ಬುದ್ಧ. ಆದರೆ ನಾನೇ ಅವನು ಅನ್ನಲಿಲ್ಲ. ಕೇಳು ಅಂತ ಪಾಠ ಶುರು ಮಾಡಿದ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ, ಅರಿವು, ಇವುಗಳಲ್ಲಿ ‘ನಾನು’ ಅನ್ನುವುದು ಎಲ್ಲಿದೆ ಅಂತ. ಪಾಠ ಮುಗಿಯುವಾಗ ಪುಕ್ಕುಸಾತಿಗೆ ಗೊತ್ತಾಯಿತು. ಕಾಲಿಗೆ ಬಿದ್ದು ಅವನು ಕೇಳಿದ ಕ್ಷಮೆ ಯಾವುದಕ್ಕೆ ಗೊತ್ತಾ? ನಿಮ್ಮನ್ನು ‘ಗೆಳೆಯಾ’ ಅಂದುಬಿಟ್ಟೆ ಅಂತ.

ನಮ್ಮ ಕಾಲಕ್ಕೆ ಬರೋಣ. ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರಿಗೆ ವಿಪರೀತ ಮೈಗ್ರೇನ್. ನೋವಿಗೆ ಮಾರ್ಫಿನ್ ಚುಚ್ಚಿಸಿಕೊಳ್ಳುವ ಸ್ಥಿತಿ. ದೇಶ ದೇಶ ಸುತ್ತಿದರೂ ವೈದ್ಯರಿಂದ ಆಗಲಿಲ್ಲ. ಗೆಳೆಯರೊಬ್ಬರು ವಿಪಶ್ಯನ ಧ್ಯಾನ ಕಲಿಸುತ್ತಿದ್ದ ಊ ಬಾ ಖಿನ್ ಅವರ ಹೆಸರು ಹೇಳಿದರು. ಊ ಬಾ ಖಿನ್ ಸನ್ಯಾಸಿಯಲ್ಲ, ಸರ್ಕಾರದ ಲೆಕ್ಕಪತ್ರ ಇಲಾಖೆಯ ದೊಡ್ಡ ಅಧಿಕಾರಿ. ಅವರೋ, ತಲೆನೋವಿಗಾದರೆ ಬರಬೇಡಿ ಅಂದುಬಿಟ್ಟರು! 1955ರಲ್ಲಿ ಗೋಯೆಂಕಾ ಕೊನೆಗೂ ಹತ್ತು ದಿನ ಧ್ಯಾನಕ್ಕೆ ಕೂತರು. 1969ರಲ್ಲಿ ಭಾರತಕ್ಕೆ ಬಂದು ಅದನ್ನೇ ಕಲಿಸತೊಡಗಿದರು. ಇದನ್ನು ಹಣೆಬರಹ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಲೆನೋವು ಬಾಗಿಲವರೆಗೆ ತಂದಿತು. ಹದಿನಾಲ್ಕು ವರ್ಷ ಕೂತವರು ಅವರೇ ಅಲ್ವಾ?

ನನ್ನದು ಸಣ್ಣ ಕತೆ. ಒಂದು ರಾತ್ರಿ ರೈಲಿನಲ್ಲಿ ಪಕ್ಕದವರು ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು. ಇಳಿಯುವ ಹೊತ್ತಿಗೆ ಮಾತಿಗೆ ಸಿಕ್ಕರು. ಮೂಗಿನ ಹೊಳ್ಳೆ ಹತ್ತಿರ ಉಸಿರನ್ನು ಗಮನಿಸುತ್ತಿದ್ದೆ ಅಂದರು. ನನಗೆ ನಿದ್ದೆ ಬಾರದ ತೊಂದರೆ, ಅದಕ್ಕೇ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋದೆ. ಮೊದಲ ದಿನ ನಾಲ್ಕು ಉಸಿರು ನೋಡುವಷ್ಟರಲ್ಲಿ ಮನಸ್ಸು ಎಲ್ಲೆಲ್ಲೋ ಹೋಗಿರುತ್ತಿತ್ತು. ಮಂಡಿ ಉರಿಯುತ್ತಿತ್ತು. ಮೂರನೇ ದಿನ, ಒಳಗೆ ಹೋಗುವ ಉಸಿರು ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ ಅಂತ ತಿಳಿಯಿತು. ಇಷ್ಟು ವರ್ಷ ಅದೇ ಮೂಗಿನಲ್ಲಿ ಉಸಿರಾಡಿದ್ದೆ!

ಪುಕ್ಕುಸಾತಿ ಕೊನೇಪಕ್ಷ ಗೆಳೆಯಾ ಅಂದಿದ್ದ. ರೈಲಿನಲ್ಲಿ ಆ ಮನುಷ್ಯರಿಗೆ ನಾನು ಮೊದಲು ಹೇಳಿದ ಮಾತು, “ರೀ, ನಿದ್ದೆ ಸಾಕು, ಸ್ವಲ್ಪ ಸರ್ಕೊಳ್ರಿ.”